ಮೂರು ಸಲ ತೆರೆದ ಬಾಗಿಲು

ಲಾ ಮಾಂಚಾದ ನಮ್ಮ ಊರಿನಲ್ಲಿ ಹೆಚ್ಚಿನವರು ಬಾಗಿಲು ಮಾಡಿಯೇ ಬದುಕುತ್ತಿದ್ದರು. ಬ್ಯಾಂಕುಗಳು ಕುಸಿದು ಸ್ಪೇನಿನಲ್ಲಿ ಮನೆ ಕಟ್ಟುವುದೇ ನಿಂತಾಗ ಊರಿನ ಬಾಗಿಲು ಕಾರ್ಖಾನೆಯೂ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಪಕ್ಕದ ಮನೆಯ ಬಾಸಿಲಿಯೊ ಆರು ವರ್ಷ ಕೆಲಸವಿಲ್ಲದೆ ಕುಳಿತ. ಮೂರು ತಿಂಗಳಿಗೊಮ್ಮೆ ಉದ್ಯೋಗ ಕಚೇರಿಗೆ ಹೋಗಿ ನಿರುದ್ಯೋಗಿ ಚೀಟಿಗೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ. ಕೆಲಸ ಕೇಳಿ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಇಷ್ಟ್ ವರ್ಷ ಏನ್ ಮಾಡ್ತಿದ್ರಿ?" ಅದನ್ನು ಕೇಳಿ ಕೇಳಿ, ತನ್ನ ಕೈ ಕಸುಬನ್ನು ಮರೆತಿದೆಯೆಂದು ಅವನೇ ನಂಬಿಬಿಟ್ಟ.

ಏಪ್ರಿಲ್‌ನಲ್ಲಿ, ಹಳೆಯ ಬಾಗಿಲುಗಳನ್ನು ದುರಸ್ತಿ ಮಾಡುವ ಸಣ್ಣ ಕಾರ್ಯಾಗಾರವೊಂದು ಅವನನ್ನು ಸಂದರ್ಶನಕ್ಕೆ ಕರೆಯಿತು.

"ಈ ಸಲ ಗಡ್ಡ ಬೋಳಿಸ್ಕೊಂಡ್ ಹೋಗು ಮಾರಾಯ, ಮಾತೆ ಮರಿಯಾಳಿಗಾದ್ರೂ ನಿನ್ ಗುರುತು ಸಿಗ್ಲಿ!" ಎಂದಳು ಹೆಂಡತಿ ಲಿಯೊನ್ಸಿಯಾ. ಅವಳೂ ನಾನೂ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆವು.

ಸಂದರ್ಶನಕ್ಕೆ ಹೋದಾಗ ಬಾಸಿಲಿಯೊ ನಮಸ್ಕಾರ ಹೇಳುವುದನ್ನೇ ಮರೆತ. ಕಾರ್ಖಾನೆಯಲ್ಲಿ ಪ್ರತಿ ಬಾಗಿಲನ್ನೂ ಮೂರು ಸಲ ತೆರೆದು ಮುಚ್ಚಿ ನೋಡಿಯೇ ಹೊರಗೆ ಕಳಿಸುತ್ತಿದ್ದರು. ಅದೇ ಅಭ್ಯಾಸದಲ್ಲಿ ಕಚೇರಿಯ ಬಾಗಿಲನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ, ಮುಚ್ಚಿದ, ಮೂರನೆಯ ಸಲವೂ ತೆರೆದ.

"ಒಳಗ್ ಬರ್ತೀರೋ, ನಂಗೆ ಗಾಳಿ ಬೀಸ್ತಿದ್ದೀರೋ?" ಎಂದಳು ಒಡತಿ ಆಸುನ್ಸಿಯೊನ್.

ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು ಮೇಡಂ. ಮೇಲಿನ ಕೀಲು ಸಡಿಲ ಆಗಿದೆ. ಅದಕ್ಕೇ ಬಾಗಿಲು ನೆಲಕ್ಕೆ ಉಜ್ತಿದೆ."

"ನೋಡಿ, ಊರೋರ ಬಾಗಿಲೆಲ್ಲ ರಿಪೇರಿ ಮಾಡ್ತೀವಿ, ನಮ್ದನ್ನ ಕೇಳೋರಿಲ್ಲ!" ಎನ್ನುತ್ತ ಅವಳು ಸ್ಕ್ರೂಡ್ರೈವರ್ ಕೊಟ್ಟಳು.

ಹತ್ತು ನಿಮಿಷದಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಆರು ವರ್ಷದ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. "ಸೋಮವಾರ ಏಳಕ್ಕೆ ಬನ್ನಿ," ಎಂದಳು.

ಆ ಸಂಜೆ ಅವನು ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲನ್ನೂ ಸರಿಮಾಡಿದ. ನಾನು ಕೇಳಿಯೇ ಇರಲಿಲ್ಲ.