ನಕ್ಷೆಯಲ್ಲಿ ಗಂಗಕ್ಕ

ಗಂಗಕ್ಕ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರೆ ಮುಗಿಯಿತು, ಅದರ ಹೊಟ್ಟೆಯೊಳಗಿನ ಸಂಗತಿಯೆಲ್ಲ ಅವಳಿಗೆ ಗೊತ್ತು. ತಿಪಟೂರಿನಲ್ಲಿ ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರ ಮಾಡುತ್ತಿರುವ ಮನೆಯವನು ನಾನು, ಬಸವರಾಜಪ್ಪ. ಕಾಯಿಯ ವಿಷಯದಲ್ಲಿ ನಾನು ತಪ್ಪಿದ್ದೇನೆ, ನಮ್ಮಪ್ಪ ತಪ್ಪಿದ್ದಾರೆ. ಹಾಲ್ಕುರಿಕೆಯಿಂದ ದಿನಾ ಬಸ್ಸಿನಲ್ಲಿ ಬಂದು ಮೂವತ್ತೆರಡು ವರ್ಷ, ಕಾಯಿ ಒಣಗಿ ಕೊಬ್ಬರಿಯಾಗುವ ನಮ್ಮ ಅಟ್ಟ ನೋಡಿಕೊಂಡ ಈ ಹೆಂಗಸು ತಪ್ಪಿದ್ದನ್ನು ಮಾತ್ರ ಕಂಡಿಲ್ಲ. ಇದನ್ನು ಅವಳ ಮುಂದೆ ಹೇಳುವುದಿಲ್ಲ. ಮೊದಲೇ ಬಾಯಿ ಜೋರು.

ನನ್ನ ಮಗಳು ನಿಸರ್ಗ ಕಟ್ಟಡ ವಿನ್ಯಾಸ ಓದಿದವಳು. ಹಳೆಯ ಕೊಬ್ಬರಿ ಮನೆಯನ್ನು ಆರು ಕೋಣೆಗಳ ಹೋಟೆಲ್ ಮಾಡೋಣ, ಬಂದವರಿಗೆ ನಮ್ಮೂರಿನ ಕಸುಬು ಕಾಣಲಿ ಎಂದಳು. ನಾನು ಕುಣಿದುಬಿಟ್ಟೆ. ನಕ್ಷೆಯೂ ಬಂತು: ಸುಣ್ಣದ ಗೋಡೆ, ನಾರಿನ ಚಾಪೆ, ಅಂದಕ್ಕೆ ಮೊರ, ಬುಟ್ಟಿ, ಬಾಗಿಲಲ್ಲಿ ನನಗೊಂದು ಕುರ್ಚಿ. ಹಾಸಿಗೆಯ ಮೇಲೆ ಧೂಳು ಬೀಳಬಾರದೆಂದು ಅಟ್ಟದ ಕೆಳಗೆ ಉದ್ದಕ್ಕೂ ಬಿಳಿ ಹಲಗೆ. ಅಟ್ಟ ಖಾಲಿ.

ಗಂಗಕ್ಕ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ನಿಮ್ಮಪ್ಪಾರ ಕುರ್ಚಿ, ಸರಿ. ಇದ್ರಲ್ಲಿ ನಾನೆಲ್ಲಿವ್ನಿ, ತೋರ್ಸವ್ವ."

ನಿಸರ್ಗ ನಕ್ಷೆಯನ್ನು ಸುತ್ತಿಟ್ಟಳು. ನನಗೆ ನಾಚಿಕೆಯಾಯಿತು. ಕಸುಬು ತೋರಿಸಲು ಹೊರಟ ನಾವು ಕಸುಬು ಬಲ್ಲವಳನ್ನೇ ಮನೆಗೆ ಕಳಿಸುತ್ತಿದ್ದೆವು.

ಮರುದಿನ ಬೆಳಗ್ಗೆ ನಿಸರ್ಗ ಅಟ್ಟದ ಏಣಿ ಹತ್ತಿದಳು. ಗಂಗಕ್ಕ ಅವಳ ಕೈಗೆ ಮೂರು ಕಾಯಿ ಕೊಟ್ಟಳು. ಅಲುಗಿಸಿದಾಗ ಒಂದರಲ್ಲಿ ನೀರು ಗುಳುಗುಳು ಎಂದಿತು, ಒಂದು ಸುಮ್ಮನಿತ್ತು, ಇನ್ನೊಂದರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಉರುಳಿತು.

"ಮೊದ್ಲು ನೀರು ಮಾತಾಡ್ತದೆ. ಆಮೇಲೆ ಸುಮ್ಕಾಯ್ತದೆ. ವರ್ಷ ತುಂಬಿದ್ ಮೇಲೆ ಕೊಬ್ಬರಿ ಮಾತಾಡ್ತದೆ. ನಡುವೆ ಅವಸರ ಮಾಡ್ಬಾರ್ದು ಕಣವ್ವ."

ನಿಸರ್ಗ ಬಿಳಿ ಹಲಗೆಯನ್ನು ನಕ್ಷೆಯಿಂದ ಅಳಿಸಿದಳು. ಧೂಳಿಗೆ ಪ್ರತಿ ಹಾಸಿಗೆಯ ಮೇಲೊಂದು ಬಟ್ಟೆಯ ಚಪ್ಪರ ಬಂತು. ಅಟ್ಟದಲ್ಲಿ ಕಾಯಿಯೂ ಉಳಿಯಿತು, ಗಂಗಕ್ಕನೂ ಉಳಿದಳು. ಬಂದ ಅತಿಥಿ ಮೊದಲು ಏಣಿ ಹತ್ತಬೇಕು, ಒಂದು ಹೊಸ ಕಾಯಿಯ ಮೇಲೆ ಸುಣ್ಣದಲ್ಲಿ ಹೆಸರು ಬರೆದಿಡಬೇಕು, ವರ್ಷ ಬಿಟ್ಟು ಬಂದು ಒಡೆಸಿಕೊಳ್ಳಬೇಕು.

ಮೊದಲು ಹೆಸರು ಬರೆದವರು ಧಾರವಾಡದ ಗಂಡ ಹೆಂಡತಿ. ವರ್ಷಕ್ಕೆ ಸರಿಯಾಗಿ ಬಂದರು. ಗಂಗಕ್ಕ ಅವರ ಕಾಯಿ ಅಲುಗಿಸಿ, "ಇನ್ನೂ ಆಗಿಲ್ಲ ಕಣ್ರೀ, ಇನ್ನೊಂದ್ ತಿಂಗ್ಳು ಬುಟ್ಟು ಬನ್ನಿ" ಎಂದಳು.

ನಾನು ಗಂಗಕ್ಕನ ಹತ್ತಿರ ಸರಿದೆ. ಬೇರೆ ಕಾಯಿಗೆ ಅವರ ಹೆಸರು ಬರೆದು ಕೊಡು ಎಂದು ಪಿಸುಗುಟ್ಟಿದೆ. ವ್ಯಾಪಾರಿ ಬುದ್ಧಿ ಎಲ್ಲಿಗೆ ಹೋಗುತ್ತದೆ.

"ನೀವ್ ಸುಮ್ಕಿರಿ" ಎಂದಳು, ಅವರಿಗೂ ಕೇಳುವಂತೆ.

ಅವರು ನಕ್ಕು, ಮುಂದಿನ ತಿಂಗಳಿಗೆ ಕೋಣೆ ಹೇಳಿ ಹೋದರು. ಮತ್ತೆ ಬಂದಾಗ ಕಾಯಿ ಲೊಟಲೊಟ ಎಂದಿತು. ಒಡೆದರೆ ಉಂಡೆ ಕೊಬ್ಬರಿ, ಒಂದು ಬಿರುಕಿಲ್ಲ. ಹೆಂಡತಿ ಮೊದಲ ಚೂರನ್ನು ಗಂಗಕ್ಕನ ಬಾಯಿಗೇ ಇಟ್ಟರು.

ಹೊರಡುವಾಗ ಅವರು ಬಾಗಿಲ ಪಕ್ಕ ತೂಗುಹಾಕಿದ್ದ ನಕ್ಷೆಯ ಮುಂದೆ ನಿಂತರು. ಅಟ್ಟದ ಜಾಗದಲ್ಲಿ ನಿಸರ್ಗ ಪೆನ್ಸಿಲಿನಿಂದ ಬರೆದ ಪುಟ್ಟ ಹೆಂಗಸು, ಕಿವಿಯ ಹತ್ತಿರ ಕಾಯಿ. ಇದು ಯಾರು ಎಂದು ಕೇಳಿದರು.

ಗಂಗಕ್ಕ ಸೆರಗು ಸರಿಮಾಡಿಕೊಂಡು ಅದರ ಮೇಲೆ ಬೆರಳಿಟ್ಟಳು. "ನಾನು ಕಣ್ರೀ. ಕಿವಿ ಒಸಿ ದೊಡ್ಡದಾಗ್ ಬರ್ದವ್ಳೆ."