ಮಲ್ಲಿಗೆ ಮುಡಿಯದ ಶುಕ್ರವಾರ

ದವಡೆ ಕೀಲಿನ ನೋವು ಅಂದರೆ ನಮ್ಮಂಥ ಸಾಮಾನ್ಯ ಹಲ್ಲಿನ ಡಾಕ್ಟರುಗಳಿಗೆ ಒಳಗೊಳಗೇ ಪುಕಪುಕ. ಹಲ್ಲು ಹುಳುಕಾದರೆ ಕಣ್ಣಿಗೆ ಕಾಣುತ್ತದೆ. ಕೀಲು ಕೆಟ್ಟರೆ ಏನು ಕಾಣುತ್ತದೆ, ಮಣ್ಣು! ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ, ಟಕ್ ಅನ್ನುತ್ತದಾ ಅಂತ ನೋಡುತ್ತೇನೆ. ಮೆತ್ತಗಿನದು ತಿನ್ನಿ, ಬಿಸಿ ಬಟ್ಟೆ ಒತ್ತಿಕೊಳ್ಳಿ, ಬಾಯಿ ಅಗಲಿಸಿ ಆಕಳಿಸಬೇಡಿ ಅನ್ನುತ್ತೇನೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ಒಂದು ಪ್ಲೇಟ್ ಮಾಡಿಸಿಕೊಡುತ್ತೇನೆ. ಹೆಚ್ಚಿನವರಿಗೆ ಅಷ್ಟರಲ್ಲೇ ವಾಸಿಯಾಗುತ್ತದೆ.

ಲೇಕ್ ಮಾರ್ಕೆಟ್ಟಿನ ನನ್ನ ಚೇಂಬರಿನ ಹಿಂದಿನ ಗಲ್ಲಿಯಲ್ಲಿ ಉಡುಪಿ ಕಡೆಯ ಒಂದು ಕುಟುಂಬ ಕೇಟರಿಂಗ್ ನಡೆಸುತ್ತದೆ. ಆ ಮನೆಯ ಮಗನ ದವಡೆಗೆ ಇದೇ ಮದ್ದು ಮಾಡಿದ್ದೆ, ಗುಣವಾಯಿತು. ಎಡವಟ್ಟಾದದ್ದು ಆಮೇಲೆ. ಅವರ ಮನೆಯಲ್ಲಿ ಒಬ್ಬರಿಗೆ ಡಾಕ್ಟರು ಹೇಳಿದ್ದು ಮನೆಮಂದಿಗೆಲ್ಲ ಅನ್ವಯ. ಒಬ್ಬರಿಗೆ ಕಷಾಯ ಕುದಿಸಿದರೆ ಎಲ್ಲರೂ ಒಂದೊಂದು ಲೋಟ ಕುಡಿಯುತ್ತಾರೆ. ಎಪ್ಪತ್ತು ದಾಟಿದ ತಾಯಿಗೆ ದವಡೆ ನೋವು ಶುರುವಾದಾಗ, ನನ್ನ ಹತ್ತಿರ ಕರೆತರುವುದು ಬಿಟ್ಟು, ಇವನೇ ಗಂಜಿ ಕುಡಿಸಿದ, ಬಿಸಿ ಬಟ್ಟೆ ಒತ್ತಿಸಿದ, ಎಲೆ ಅಡಿಕೆ ಬಿಡಿಸಿದ.

ಒಂದು ಶುಕ್ರವಾರ ಸಂಜೆ ಅವನು ಪ್ಲೇಟ್ ತೋರಿಸಲು ಬಂದ. ಮಾರ್ಕೆಟ್ಟಿಗೆ ಹೊರಟಿದ್ದ ತಾಯಿಯೂ ಜೊತೆಗಿದ್ದರು.

"ನನ್ನ ದವಡೆಯೂ ಗುಣ ಆಯ್ತು ಡಾಕ್ಟ್ರೇ. ಎಲ್ಲ ನಿಮ್ಮದೇ ಮದ್ದು" ಅಂತ ನಕ್ಕರು.

ನಾನೂ ನಗಬೇಕು, ಅಷ್ಟರಲ್ಲಿ ಅವರ ತಲೆ ನೋಡಿದೆ. ಹೂವಿಲ್ಲ. ಮೊಳ ಕಡಿಮೆ ಹಾಕಿದೆ ಅಂತ ಹೂವಿನವಳ ಜೊತೆ ಜಗಳವಾಡಿಯಾದರೂ ಶುಕ್ರವಾರ ಮಲ್ಲಿಗೆ ಮುಡಿಯುವ ಹೆಂಗಸು ಇವರು.

"ಏನಮ್ಮ, ಇವತ್ತು ಹೂವು ಇಲ್ಲ?"

"ಮಂಡೆ ಮುಟ್ಟಲಿಕ್ಕೇ ಆಗುದಿಲ್ಲ ಮಾರಾಯ್ತಿ. ಬಾಚಣಿಗೆ ತಾಗಿದರೂ ಉರಿ. ಹೂವು ಸಹ ಭಾರ."

ಅವರನ್ನು ಕುರ್ಚಿಯಲ್ಲಿ ಕೂರಿಸಿ ದೀಪ ಹಾಕಿದೆ. ಕೀಲು ಮುಟ್ಟಿದೆ. ಟಕ್ ಇಲ್ಲ, ಪಿಟ್ ಇಲ್ಲ, ಬಾಯಿ ಚೆನ್ನಾಗಿಯೇ ತೆರೆಯುತ್ತಿತ್ತು. ಮಗ ಬಿಡಿಸಿದ್ದರೂ ಅವರ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಇದ್ದೇ ಇತ್ತು. ಒಂದು ಎಲೆ ಅಗಿಯಿರಿ ಅಂದೆ.

"ಮೇಡಂ, ಅಗಿಯುದು ಬೇಡ ಅಂತ ನೀವೇ ಹೇಳಿದ್ದಲ್ವಾ?" ಅಂದ ಮಗ.

"ಅದು ನಿನಗೆ ಹೇಳಿದ್ದು ಕಣಯ್ಯಾ!"

ಸ್ವಲ್ಪ ಅಗಿದವರು ಕೆನ್ನೆ ಹಿಡಿದುಕೊಂಡು ನಿಲ್ಲಿಸಿಬಿಟ್ಟರು. ಸುಧಾರಿಸಿಕೊಂಡು, ಈಗ ಅಡ್ಡಿಲ್ಲ ಅಂತ ಮತ್ತೆ ಅಗಿದರು. ಮತ್ತೆ ಹಾಗೇ. ಇದು ಕೀಲಿನ ಬುದ್ಧಿಯಲ್ಲ. ಅಗಿಯುವ ಸ್ನಾಯುವಿಗೆ ರಕ್ತ ಸಾಲುತ್ತಿರಲಿಲ್ಲ. ಹಣೆಯ ಪಕ್ಕ ಬೆರಳಿಟ್ಟೆ. ಅಲ್ಲಿನ ರಕ್ತನಾಳ ಬಾತು ಹುರಿಯ ಹಾಗೆ ಗಟ್ಟಿಯಾಗಿತ್ತು, ಮುಟ್ಟಿದ್ದಕ್ಕೇ ಅವರು ಮುಖ ಕಿವುಚಿದರು. ಈ ಬಾವು ಕಣ್ಣಿನ ರಕ್ತನಾಳಕ್ಕೂ ಹಬ್ಬುತ್ತದೆ. ಗಂಜಿ ಕುಡಿದದ್ದರಿಂದ ನೋವು ಅಡಗಿತ್ತು, ಅಷ್ಟೇ. ರೋಗ ತನ್ನ ಪಾಡಿಗೆ ಬೆಳೆಯುತ್ತಿತ್ತು.

"ಕಣ್ಣು ಹೇಗಿದೆ ಅಮ್ಮ?"

"ಎಡದ್ದು ಎಣ್ಣೆ ಸಿಡಿದು ಹೋಗಿ ಎಷ್ಟೋ ವರ್ಷ ಆಯ್ತಲ್ಲ. ಬಲದ್ದು ಒಳ್ಳೆದುಂಟು. ನಿನ್ನೆ ಒಗ್ಗರಣೆ ಹಾಕುವಾಗ ಸ್ವಲ್ಪ ಹೊತ್ತು ಕತ್ತಲೆ ಕಟ್ಟಿತು. ಮತ್ತೆ ಸರಿ ಆಯ್ತು."

ಮಗನನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ ಹೇಳಿದೆ: ಈಗಿಂದೀಗ ಕಣ್ಣಿನ ಆಸ್ಪತ್ರೆಗೆ ಹೊರಡು, ಸ್ಟಿರಾಯ್ಡ್ ಇವತ್ತೇ ಬೀಳಬೇಕು, ಇಲ್ಲದಿದ್ದರೆ ಅಮ್ಮನಿಗೆ ಉಳಿದಿರುವ ಒಂದು ಕಣ್ಣೂ ಹೋಗುತ್ತದೆ.

ಅವನು ತಲೆ ಕೆರೆದುಕೊಂಡ. "ನಾಳೆ ಸಾಲ್ಟ್ ಲೇಕಿನಲ್ಲಿ ಉಪನಯನದ ಊಟ ಉಂಟು ಮೇಡಂ. ಸಾರಿಗೆ ಅಮ್ಮನ ಕೈಯೇ ಆಗಬೇಕು. ನಾಡಿದ್ದು ಖಂಡಿತ ಹೋಗುವ."

"ಹೌದು ಮಗಾ, ಒಂದು ದಿನದಲ್ಲಿ ಎಂತ ಆಗ್ತದೆ?" ಕುರ್ಚಿಯಿಂದ ತಾಯಿಯೂ ದನಿಗೂಡಿಸಿದರು.

"ನಿಮ್ಮ ಸಾರು ಹಾಳಾಗಿ ಹೋಗಲಿ!" ಅಂತ ಕಿರುಚಿದೆ. ಹೊರಗೆ ಬೆಂಚಿನ ಮೇಲಿದ್ದವರು ಇಣುಕಿ ನೋಡಿದರು. ನೋಡಲಿ. ಬಾಗಿಲಿಗೆ ಅಡ್ಡ ನಿಂತುಕೊಂಡೇ ಆಸ್ಪತ್ರೆಗೆ ಫೋನ್ ಮಾಡಿದೆ. ತಡ ಮಾಡದೆ ಕಳಿಸಿ ಅಂದರು. ಇವನು ಮಾತ್ರ ಇನ್ನೂ, ಅಷ್ಟು ಜನರ ಊಟ ಮೇಡಂ, ಮಾತು ಕೊಟ್ಟಾಗಿದೆ ಮೇಡಂ, ಅಂತ ರಾಗ ಎಳೆಯುತ್ತಿದ್ದ. ನಾನೂ ಬಿಡಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ.

ನಮ್ಮಿಬ್ಬರ ಗಲಾಟೆಯ ನಡುವೆ ತಾಯಿ ಸುಮ್ಮನಾಗಿದ್ದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಡಾಕ್ಟ್ರೇ," ಅಂದರು ಮೆಲ್ಲಗೆ, "ಕರೆಂಟ್ ಹೋಯ್ತಾ?"

ಇಬ್ಬರೂ ತಿರುಗಿ ನೋಡಿದೆವು. ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಕುರ್ಚಿಯ ದೀಪ ಅವರ ಮುಖದ ಮೇಲೇ ಉರಿಯುತ್ತಿತ್ತು.