ಒಳಕ್ಕೆ ತೆರೆಯುವ ಬಾಗಿಲು

ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಜವಾನನಾಗಿದ್ದವನನ್ನು ಮಕ್ಕಳು ಬೀಗದ ಮಾಮ ಎಂದೇ ಕರೆಯುತ್ತಿದ್ದರು. ಅವನ ಸೊಂಟದ ಬೀಗದಕೈ ಗೊಂಚಲಿನ ಸದ್ದು ಕೇಳಿದರೆ ಸಾಕು, ಅಂಗಳದಲ್ಲಿ ಅಡ್ಡಾಡುತ್ತಿದ್ದವರು ತರಗತಿಗೆ ಓಟ ಕೀಳುತ್ತಿದ್ದರು. ಮಕ್ಕಳು ಕಣ್ಣು ತಪ್ಪಿಸಿ ರಸ್ತೆಗೆ ಹೋಗಬಾರದೆಂದು ಹಿಂಬದಿಯ ಮೆಟ್ಟಿಲ ಬುಡದ ಬಾಗಿಲಿಗೆ ಬೀಗ ಜಡಿದವನೂ ಅವನೇ.

ಬೆಂಕಿ ಸುರಕ್ಷತೆಯ ತಪಾಸಣೆಗೆ ಬಂದು ಹೋದವರ ವರದಿಯನ್ನು ಹೆಡ್‌ಮೇಡಂ ಅವನೆದುರು ಓದಿದರು. ಆ ಬಾಗಿಲಿನ ಬಗ್ಗೆ ಎರಡು ಮಾತಿತ್ತು. ಬೀಗ ತೆಗೆಯಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು.

"ಬೀಗ ಇವತ್ತೇ ತೆಗೀತೀನಿ ಮೇಡಂ. ಬಾಗ್ಲು ಯಾವ ಕಡೆ ತೆರೆದ್ರೇನು, ತೆರೆದ್ರೆ ಸಾಕಲ್ವಾ?"

ಮೇಡಂಗೂ ಹಾಗೇ ಅನ್ನಿಸಿತು. "ಅದನ್ನ ರಜೆಯಲ್ಲಿ ಮಾಡಿಸೋಣ. ಮೊದ್ಲು ಒಂದ್ಸಲ ಮಕ್ಕಳನ್ನ ಆ ಕಡೆಯಿಂದ ಇಳಿಸಿ ನೋಡೋಣ."

ಅವನು ಬೀಗ ತೆಗೆದ. ಮೆಟ್ಟಿಲ ಮೇಲೆ ಪೇರಿಸಿದ್ದ ಮುರುಕು ಬೆಂಚುಗಳನ್ನು ಒಬ್ಬನೇ ಹೊತ್ತು ಹಾಕಿದ.

ಬುಧವಾರ ಬೆಳಿಗ್ಗೆ ಗಂಟೆ ಒಂದೇ ಸಮನೆ ಮೊಳಗಿತು. ಅಭ್ಯಾಸಕ್ಕೆಂದು ದೊಡ್ಡವರಿಗಷ್ಟೇ ಗೊತ್ತಿತ್ತು. ಬೀಗದ ಮಾಮ ಹೊರಗೆ, ಮುಚ್ಚಿದ ಬಾಗಿಲಿನೆದುರು ನಿಂತಿದ್ದ. ಮೊದಲು ನಗು ಕೇಳಿಸಿತು, ಆಮೇಲೆ ದಡದಡ ಹೆಜ್ಜೆ. ಯಾರೋ ಬಾಗಿಲು ಬಡಿದರು. ಅದು ತೆರೆಯಲಿಲ್ಲ. ಒಳಕ್ಕೆ ಎಳೆಯಬೇಕಾದ ಬಾಗಿಲು ಅದು. ಮುಂದಿದ್ದವರಿಗೆ ಎಳೆಯಲು ಗೇಣು ಜಾಗವಿಲ್ಲ, ಹಿಂದಿನವರು ನೂಕುತ್ತಲೇ ಇದ್ದರು. ನಗು ನಿಂತುಹೋಯಿತು.

"ಮಾಮಾ..." ಹಲಗೆಗೇ ಬಾಯಿಟ್ಟಂತೆ ಒಂದು ಪುಟ್ಟ ದನಿ.

ಅವನು ಭುಜ ಕೊಟ್ಟು ನೂಕಿದ. ಒಳಗಿಂದ ಚೀರಾಟ ಬಂತು. ತಾನು ನೂಕುತ್ತಿರುವುದು ಮಕ್ಕಳನ್ನೇ ಎಂದು ಹೊಳೆದಾಗ ಅವನು ಥಟ್ಟನೆ ಹಿಂದೆ ಸರಿದ.

ಕಟ್ಟಡ ಸುತ್ತಿ ಓಡಿದ. ಮುಂಬಾಗಿಲಿನಿಂದ ನುಗ್ಗಿ ಮಹಡಿ ಹತ್ತಿ ಹಿಂಬದಿಯ ಮೆಟ್ಟಿಲ ತಲೆಗೆ ಬಂದು ಕೂಗಿದ. ಚೀರಾಟದಲ್ಲಿ ಯಾರಿಗೂ ಕೇಳಿಸಲಿಲ್ಲ. ಸೊಂಟದ ಗೊಂಚಲು ಕಿತ್ತು ಕಂಬಿಗೆ ಜೋರಾಗಿ ಬಡಿದ. ಅಷ್ಟೂ ತಲೆಗಳು ತಿರುಗಿದವು.

"ಎಲ್ರೂ ಮೇಲಕ್ಕೆ ಬನ್ನಿ. ನನ್ನ ಹತ್ರ ಇರೋರು ಮೊದ್ಲು. ನಿಧಾನ."

ಗುಂಪು ಸಡಿಲವಾಯಿತು. ಕೊನೆಗೆ ಬಾಗಿಲ ಮೂಲೆಯಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಉಳಿದಳು. ಮೊಣಕೈ ತರಚಿತ್ತು, ಒಂದು ಬೂಟು ಎಲ್ಲೋ ಹೋಗಿತ್ತು.

"ನಾನು ಎಳ್ದೆ ಮಾಮ. ಬರ್ಲೇ ಇಲ್ಲ."

ಅವಳನ್ನು ಎತ್ತಿಕೊಂಡು ಮೇಲೆ ಬಂದರೆ ಮೇಡಂ ಗೋಡೆ ಹಿಡಿದು ನಿಂತಿದ್ದರು.

"ತಪ್ಪು ನಂದು ಮೇಡಂ," ಎಂದ.

"ರಜೆಯಲ್ಲಿ ಮಾಡೋಣ ಅಂದಿದ್ದು ನಾನು. ಬಡಗಿನ ಈಗಲೇ ಕರೆಸು."

ಬಡಗಿ ಅವನ ಭಾವಮೈದುನನೇ. ಮಧ್ಯಾಹ್ನದೊಳಗೆ ಬಂದು, ಚೌಕಟ್ಟು ಕಿತ್ತು, ಸಂಜೆಗೆ ಬಾಗಿಲನ್ನು ಹೊರಮುಖಕ್ಕೆ ಕೂಡಿಸಿದ. "ಏನು ಭಾವ, ಎಲ್ಲಾ ಬಾಗ್ಲೂ ತೆರೆದಿಟ್ರೆ ನಿಮಗೇನು ಕೆಲ್ಸ?" ಎಂದು ಛೇಡಿಸಿದ. ಅವನು ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚಿ ನೋಡುತ್ತಿದ್ದ.

ಮಾರನೆಯ ದಿನ ಆ ಹುಡುಗಿ ಮೆಟ್ಟಿಲಿಗೆ ಕಾಲಿಡಲು ಒಪ್ಪಲಿಲ್ಲ. ಅದರ ಮರುದಿನವೂ ಇಲ್ಲ. ಅವನು ಬಲವಂತ ಮಾಡದೆ ಮೇಲಿನ ಮೆಟ್ಟಿಲಲ್ಲಿ ಅವಳ ಪಕ್ಕ ಕೂತ. ಮೂರನೆಯ ದಿನ ಅವಳು ಅವನ ಕಿರುಬೆರಳು ಹಿಡಿದು ಇಳಿದಳು. ಬಾಗಿಲಿಗೆ ಅಂಗೈಯಿಟ್ಟು ಅವನ ಮುಖ ನೋಡಿದಳು.

"ತಳ್ಳಮ್ಮ," ಎಂದ.